ಅಂಟದ ಬ್ಯಾಂಡೇಜು

ಮಾರ್ಚ್ 3, ಬೆಳಿಗ್ಗೆ 7.30

ಮಾವನ ಕಾಲಿನ ಡ್ರೆಸ್ಸಿಂಗ್ ಆಯಿತು. ದಿನ ಬಿಟ್ಟು ದಿನ ಇದೇ ಪಾಡು. ಹಳೆಯ ಬ್ಯಾಂಡೇಜು ಹುಣ್ಣಿಗೆ ಕಚ್ಚಿಕೊಂಡಿರುತ್ತದೆ. ಸಲೈನ್ ಹಾಕಿ ನೆನೆಸಿ, ಎಳೆ ಎಳೆಯಾಗಿ ಬಿಡಿಸಬೇಕು. ಎಷ್ಟು ನಾಜೂಕಾಗಿ ಎತ್ತಿದರೂ ಹೊಸದಾಗಿ ಬಂದ ಚರ್ಮವೂ ಜೊತೆಗೇ ಬರುತ್ತದೆ. ಇವತ್ತು ಮಾವ ನನಗೆ ಕೊಟ್ಟ ಬಿರುದು — ಯಮನ ತಂಗಿ. ಹೋದ ವಾರ ಬರೀ ಕಟುಕಿ. ಬಡ್ತಿ ಸಿಕ್ಕಿದೆ.

ಬೈದು ಸುಸ್ತಾದ ಮೇಲೆ ಅವರೇ, "ಕಾಫಿ ಕುಡಿದ್ಯೇನಮ್ಮಾ?" ಅಂದರು. ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

ಮಾರ್ಚ್ 3, ಮಧ್ಯಾಹ್ನ

ಆಫೀಸು. ನನ್ನ ಕೆಲಸ ಏನೆಂದು ಮಾವನಿಗೆ ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ನಮ್ಮ ಸಂಸ್ಥೆಯ ವಿಜ್ಞಾನಿಗಳು ಏನಾದರೂ ಹೊಸದು ಕಂಡುಹಿಡಿದರೆ, ಅದನ್ನು ತಯಾರಿಸಿ ಮಾರುವ ಕಂಪನಿ ಹುಡುಕುವುದು. "ಅಂದ್ರೆ ದಲ್ಲಾಳಿ" ಅನ್ನುತ್ತಾರೆ. ಇರಲಿ.

ಸದ್ಯ ಕೈಯಲ್ಲಿರುವುದು ಪ್ರೊಫೆಸರ್ ಮಾಡಿದ ಅಂಟದ ಬ್ಯಾಂಡೇಜು. ತೆಳ್ಳನೆಯ ಜೆಲ್ ಹಾಳೆ. ಗಾಯದ ಮೇಲೆ ಸುಮ್ಮನೆ ಕೂರುತ್ತದೆ, ಎತ್ತಿದರೆ ಸಲೀಸಾಗಿ ಬರುತ್ತದೆ. ಮೊದಲ ಸಲ ನೋಡಿದಾಗ ನೆನಪಾದದ್ದು ಮಾವನ ಕಾಲು. ಹತ್ತೊಂಬತ್ತು ಕಂಪನಿಗಳ ಬಾಗಿಲು ತಟ್ಟಿದೆ. ಹದಿನೆಂಟು ಕಡೆ "ಚೆನ್ನಾಗಿದೆ ಮೇಡಂ, ನೋಡೋಣ." ನೋಡೋಣ ಅಂದವರು ಯಾರೂ ನೋಡಿಲ್ಲ.

ಹತ್ತೊಂಬತ್ತನೆಯದು ಗಾಯದ ಬಟ್ಟೆ ತಯಾರಿಸುವ ಸಣ್ಣ ಫ್ಯಾಕ್ಟರಿ. ಅದರ ಯಜಮಾನರು ಹಾಳೆಯನ್ನು ಮುಂಗೈ ಮೇಲೆ ಇಟ್ಟುಕೊಂಡು, ಎತ್ತಿ, ಮತ್ತೆ ಇಟ್ಟುಕೊಂಡು... ಹದಿನೈದು ನಿಮಿಷ ಇದೇ ಆಟ. ಆಮೇಲೆ, "ಏಪ್ರಿಲ್ ಮೂವತ್ತರೊಳಗೆ ನಮ್ ಫ್ಯಾಕ್ಟರೀಲಿ, ನಮ್ ಜನರ ಕೈಲಿ ಇದೇ ಥರ ಬಂದ್ರೆ ತಗೋತೀವಿ. ಬರ್ಲಿಲ್ವಾ, ಕೈಮುಗಿದು ವಾಪಸ್ ಕೊಡ್ತೀವಿ" ಅಂದರು.

ವಾಪಸ್ ಬಂದರೆ ಮುಗಿಯಿತು. ಇದಕ್ಕಿಂತ ಹೆಚ್ಚು ಕಾಯಲಾಗದು, ಪೇಟೆಂಟ್ ಕೈಬಿಡುತ್ತೇವೆ ಎಂದು ಡೈರೆಕ್ಟರ್ ಕಡ್ಡಿ ಮುರಿದಂತೆ ಹೇಳಿದ್ದಾರೆ. ಫೈಲು ನನ್ನ ಹಿಂದಿನ ಕಪಾಟು ಸೇರುತ್ತದೆ. ಅಲ್ಲಿ ಈಗಾಗಲೇ ಮೂವತ್ತೊಂದು ಇವೆ. ಒಂದೊಂದರ ಹೆಸರೂ ನನಗೆ ಬಾಯಿಪಾಠ.

ಮಾರ್ಚ್ 12

ಫ್ಯಾಕ್ಟರಿಯಲ್ಲಿ ಮೊದಲ ಬ್ಯಾಚ್. ಗಾಜಿನ ಪ್ಲೇಟಿನ ಮೇಲೆ ದ್ರಾವಣ ಸುರಿದು ನಾಲ್ಕು ಗಂಟೆ ಬಿಟ್ಟರೆ ಹಾಳೆ ಸಿದ್ಧ. ಸಿಪ್ಪೆಯಂತೆ ಎದ್ದು ಬರಬೇಕು. ಬರಲಿಲ್ಲ. ಅಲ್ಲಿನ ಇಂಜಿನಿಯರ್ ಫೋನ್ ಮಾಡಿದ. "ಮೇಡಂ, ಇದು ಗಾಜನ್ನೇ ಬಿಡ್ತಿಲ್ಲ. ಗಾಯ ಬಿಡುತ್ತಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾರ್ಚ್ 21

ಮೂರನೆಯ ಬ್ಯಾಚೂ ಹಾಳು. ಪ್ರೊಫೆಸರ್ ಖುದ್ದಾಗಿ ಹೋದರು — ಇಲ್ಲಿಂದಲೇ ಬಾಟಲಿ, ತಕ್ಕಡಿ, ಥರ್ಮಾಮೀಟರ್ ಎಲ್ಲ ಹೊತ್ತುಕೊಂಡು. ಅವರ ಕೈಯಲ್ಲೂ ಅಂಟಿತು. ವಾಪಸ್ ಬಂದು ಇಲ್ಲಿ ಮಾಡಿದರೆ ಚೆನ್ನಾಗಿ ಬರುತ್ತದೆ.

ಬೇರೆಯವರಾಗಿದ್ದರೆ ಫ್ಯಾಕ್ಟರಿಯ ನೀರು ಸರಿಯಿಲ್ಲ, ಜನ ಸರಿಯಿಲ್ಲ ಅನ್ನುತ್ತಿದ್ದರು. ಈ ಹತ್ತು ವರ್ಷದಲ್ಲಿ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಇವರು ನನ್ನ ಮೇಜಿನ ಎದುರು ಕೂತು, "ಅವರ ತಪ್ಪಲ್ಲ. ನಾನು ಬರೆದುಕೊಟ್ಟಿದ್ರಲ್ಲೇ ಏನೋ ಬಿಟ್ಟುಹೋಗಿದೆ. ಏನು ಅಂತ ನಂಗೇ ಗೊತ್ತಿಲ್ಲ" ಅಂದರು. ಅವರು ಬರೆದುಕೊಟ್ಟಿರುವುದು ಹದಿನಾಲ್ಕು ಹೆಜ್ಜೆಗಳ ವಿಧಾನ. ಅಲ್ಪವಿರಾಮ ಕೂಡ ತಪ್ಪಿಲ್ಲ.

ಏಪ್ರಿಲ್ 9

ಏಳು ಬ್ಯಾಚ್. ಏಳೂ ಅಂಟು. ಯಜಮಾನರು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಅದೇ ಭಯ.

ಏಪ್ರಿಲ್ 15

ಬೆಳಿಗ್ಗೆ ಡ್ರೆಸ್ಸಿಂಗ್. ಮಾವ ಇವತ್ತು ಬೈಯಲಿಲ್ಲ. ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಒಂದು ಯೋಚನೆ ಬಂತು. ನನಗೆ ಕೆಮಿಸ್ಟ್ರಿ ಬಾರದು. ಕೂತು ನೋಡುವುದಕ್ಕೇನು ಧಾಡಿ? ನಾಳೆ ಲ್ಯಾಬಿನಲ್ಲಿ ಠಿಕಾಣಿ. ಹದಿನಾಲ್ಕು ಹೆಜ್ಜೆಗಳ ಪಟ್ಟಿ ಕೈಯಲ್ಲಿ ಹಿಡಿದು, ಒಂದೊಂದಕ್ಕೇ ಟಿಕ್ ಹಾಕುತ್ತೇನೆ. ಪಟ್ಟಿಯಲ್ಲಿಲ್ಲದ್ದು ಏನು ನಡೆದರೂ ಬರೆದುಕೊಳ್ಳುವುದು — ಸೀನಿದರೂ ಸರಿ.

ಏಪ್ರಿಲ್ 16, ಬೆಳಿಗ್ಗೆ 11

ಲ್ಯಾಬಿನ ಮೂಲೆಯ ಸ್ಟೂಲಿನಿಂದ ಬರೆಯುತ್ತಿದ್ದೇನೆ.

ಹತ್ತಕ್ಕೆ ಪ್ರೊಫೆಸರ್ ದ್ರಾವಣ ಸುರಿದರು. ಹದಿಮೂರನೆಯ ಹೆಜ್ಜೆಯವರೆಗೆ ಎಲ್ಲ ಟಿಕ್. ಇನ್ನು ನಾಲ್ಕು ಗಂಟೆ ಬಿಡುವುದು. ಎಂದಿನಂತೆ ಅವರು ಪಾಠಕ್ಕೆ ಹೋದರು. ಲ್ಯಾಬು ಖಾಲಿ.

ಹತ್ತೂ ಇಪ್ಪತ್ತಕ್ಕೆ ಗಾಜಮ್ಮ ಬಂದರು. ಪಕ್ಕದ ಕೋಣೆಯಲ್ಲಿ ಇಡೀ ವಿಭಾಗದ ಗಾಜಿನ ಸಾಮಾನು ತೊಳೆಯುವವರು. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಜಾರಿ ಒಂದು ಬೀಕರೂ ಒಡೆದದ್ದಿಲ್ಲ. ಅದಕ್ಕೇ ಆ ಹೆಸರು. ಒಡೆಯುವ ಕೆಲಸ ವಿಜ್ಞಾನಿಗಳದ್ದು.

ಬಂದವರು ಒಂದು ಬಿಳಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಪ್ಲೇಟುಗಳಿರುವ ಎತ್ತರ ಅಂಚಿನ ಟ್ರೇ ಮೇಲೆ ಹೊದಿಸಿದರು. ಮಗುವಿಗೆ ಹೊದಿಸಿದ ಹಾಗೆ, ಮೂಲೆ ಮೂಲೆ ಎಳೆದು. ಬಟ್ಟೆ ಹಾಳೆಗೆ ತಾಗಲಿಲ್ಲ. ಹೊರಟರು.

ಪಟ್ಟಿ ನೋಡಿದೆ. ಎರಡು ಸಲ ನೋಡಿದೆ. ಬಟ್ಟೆ ಇಲ್ಲ.

ಮಧ್ಯಾಹ್ನ 2.15

ಪ್ರೊಫೆಸರ್ ಬರುವ ಐದು ನಿಮಿಷ ಮೊದಲು ಗಾಜಮ್ಮ ಬಂದು ಬಟ್ಟೆ ತೆಗೆದರು. ಕೇಳದೆ ತಡೆಯಲಾಗಲಿಲ್ಲ.

"ಗಾಜಮ್ಮಾ, ಇದನ್ನ ದಿನಾ ಹೊದಿಸ್ತೀರಾ?"

"ಹೂಂ ಮೇಡಂ. ಸರ್ ಬರೋ ಹೊತ್ತಿಗೆ ತೆಗೆದಿಡ್ತೀನಿ, ಅವರ ಕೆಲ್ಸಕ್ಕೆ ಅಡ್ಡ ಆಗ್ಬಾರ್ದಲ್ಲ."

"ಧೂಳು ಬೀಳ್ಬಾರ್ದು ಅಂತಾನಾ?"

"ಧೂಳಿಗೆ ಒಣಬಟ್ಟೆ ಸಾಕಲ್ಲ? ಒದ್ದೆ ಬಟ್ಟೆ ಹಾಕಿದ್ರೆ ಪ್ಲೇಟಿಗೆ ಅಂಟಲ್ಲ. ಮೊದ್ಲೆಲ್ಲ ಎಷ್ಟು ಅಂಟೋದು ಗೊತ್ತಾ? ಕೆರೆದು ಕೆರೆದು ಉಗುರೇ ಹೋಗೋದು ನಂಗೆ."

"ಪ್ರೊಫೆಸರ್‌ಗೆ ಹೇಳ್ಲಿಲ್ವಾ?"

"ಹೇಳೋಕೆ ಅದೇನು ದೊಡ್ಡ ವಿಷ್ಯ? ಜೆಲ್ಲು ಅವರ್ದು. ಪ್ಲೇಟು ತೊಳೆಯೋದು ನಂದು."

"ಫ್ಯಾಕ್ಟರೀಲಿ ಒಂದು ತಿಂಗಳಿಂದ ಅಂಟ್ತಾ ಇದೆ!"

"ಅಯ್ಯೋ! ನಂಗ್ಯಾರು ಹೇಳಿದ್ರು?"

ಯಾರೂ ಹೇಳಿಲ್ಲ. ನಾನೂ.

ಏಪ್ರಿಲ್ 17

ಮರೆಯಲಾರದ ದಿನ. ಬಟ್ಟೆ ಇಲ್ಲದೆ ಒಂದು ಟ್ರೇ, ಬಟ್ಟೆ ಹೊದಿಸಿ ಒಂದು. ಇಲ್ಲದ್ದು ಕಚ್ಚಿಕೊಂಡು ಕೂತಿತು. ಹೊದಿಸಿದ್ದು ಸಲೀಸಾಗಿ ಬಂತು. ಒದ್ದೆ ಬಟ್ಟೆಯ ತೇವದಲ್ಲಿ ನಿಧಾನವಾಗಿ ಒಣಗಿದ್ದು ಮಾತ್ರ ಅಂಟುವುದಿಲ್ಲ, ಗಾಜಿಗೂ ಅಷ್ಟೇ, ಗಾಯಕ್ಕೂ ಅಷ್ಟೇ. ಫ್ಯಾಕ್ಟರಿಯಲ್ಲಿ ಎಸಿಯ ಒಣಗಾಳಿ ಬೇರೆ.

"ಯಾವಾಗಿಂದ ಹೊದಿಸ್ತಿದ್ದೀರಿ?" ಎಂದು ಪ್ರೊಫೆಸರ್ ಕೇಳಿದರು. ಗಾಜಮ್ಮ ತೊಳೆಯುವ ಕೋಣೆಯ ಗೋಡೆಯಿಂದ ಮೂರು ವರ್ಷ ಹಳೆಯ ಕ್ಯಾಲೆಂಡರ್ ತೆಗೆದು ಹಿಂದುಗಡೆ ತೋರಿಸಿದರು. ಪೆನ್ಸಿಲಿನಲ್ಲಿ, ದುಂಡು ಅಕ್ಷರದಲ್ಲಿ, ತಾರೀಖು ಹಾಕಿ — ಬಟ್ಟೆ ಇಲ್ಲ, ಅಂಟು. ಒಣಬಟ್ಟೆ, ಅಂಟು. ಮುಚ್ಚಳ, ಅರ್ಧ ಅಂಟು. ತೊಟ್ಟಿಕ್ಕುವ ಬಟ್ಟೆ, ನೀರಾಯ್ತು. ಹಿಂಡಿದ ಬಟ್ಟೆ, ಇಲ್ಲ. ಹಿಂಡಿದ ಬಟ್ಟೆ, ಇಲ್ಲ. ಹಿಂಡಿದ ಬಟ್ಟೆ, ಇಲ್ಲ. ಹೀಗೇ ಮುಂದುವರಿದು ಒಟ್ಟು ಹನ್ನೊಂದು ಟ್ರೇ. ಉಗುರು ಉಳಿಸಿಕೊಳ್ಳಲು ಮಾಡಿದ ಹನ್ನೊಂದು ಪ್ರಯೋಗ!

ಪ್ರೊಫೆಸರ್ ತಮ್ಮ ನೋಟ್‌ಬುಕ್ ತರಿಸಿ ತಾರೀಖು ತಾಳೆ ನೋಡಿದರು. ಅಂಟುವುದು ನಿಂತದ್ದು ತಾವು ಒಂಬತ್ತನೆಯ ಹೆಜ್ಜೆ ಬದಲಿಸಿದ್ದರಿಂದ ಎಂದು ಅವರು ನಂಬಿದ್ದರು. ಲೇಖನ ಬರೆದಿದ್ದರು, ಭಾಷಣ ಮಾಡಿದ್ದರು. ಅದೇ ವಾರ, ಅದೇ ಬುಧವಾರ, ಕ್ಯಾಲೆಂಡರಿನಲ್ಲಿ 'ಹಿಂಡಿದ ಬಟ್ಟೆ.'

ನೋಟ್‌ಬುಕ್ ಮುಚ್ಚಿದರು. ಆಮೇಲೆ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು. "ಮೂರು ವರ್ಷ ಊರೆಲ್ಲ ಡಂಗುರ ಸಾರಿದ್ದೀನಲ್ಲಾ ಗಾಜಮ್ಮಾ! ನಿಮ್ಮ ಬಟ್ಟೆನ ನನ್ನ ಬುದ್ಧಿ ಅಂದ್ಕೊಂಡು."

"ನಂಗೇನು ಗೊತ್ತಿತ್ತು ಸರ್" ಎಂದು ಆಕೆ ಸೆರಗಿಗೆ ಕೈ ಒರೆಸಿಕೊಂಡರು.

ಇಬ್ಬರಲ್ಲಿ ಯಾರು ದೊಡ್ಡವರೆಂದು ಇನ್ನೂ ತೀರ್ಮಾನವಾಗಿಲ್ಲ ನನಗೆ.

ಏಪ್ರಿಲ್ 22

ಗಾಜಮ್ಮನನ್ನು ಫ್ಯಾಕ್ಟರಿಗೆ ಕರೆದೊಯ್ದೆವು. ತಲೆಗೆ ಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ. ಯಜಮಾನರು ಮಷೀನುಗಳನ್ನೆಲ್ಲ ತೋರಿಸಿ, "ಏನನ್ಸುತ್ತಮ್ಮಾ?" ಅಂದರು.

"ಇಲ್ಲಿ ಪ್ಲೇಟ್ ತೊಳೆಯೋರು ಯಾರು?"

ಇಂಜಿನಿಯರ್ ಯಾರ್ಯಾರನ್ನೋ ವಿಚಾರಿಸಿದ. ಕೊನೆಗೆ ತೊಳೆಯುವವರನ್ನು ಹುಡುಕಿ ಕರೆತಂದರು. ವಯಸ್ಸಾದ ಒಬ್ಬರು, ಉಗುರಿಗೆಲ್ಲ ಪ್ಲಾಸ್ಟರು. ಇಬ್ಬರೂ ಸಿಂಕಿನ ಹತ್ತಿರ ನಿಂತು ಒಂದು ಗಂಟೆ ಮಾತಾಡಿದರು. ನಾವೆಲ್ಲ ಹೊರಗೆ ಚಹಾ ಕುಡಿಯುತ್ತ ಕಾದೆವು. ಎಸಿ ಕಡಿಮೆ ಮಾಡಿ, ಟ್ರೇಗಳ ಮೇಲೆ ತಂತಿ ಕಟ್ಟಿ, ಬಟ್ಟೆ ಹೊದಿಸುವುದೆಂದು ಇಬ್ಬರೇ ನಿರ್ಧರಿಸಿಬಿಟ್ಟಿದ್ದರು.

ಏಪ್ರಿಲ್ 24

ಬಂತು. ಇಪ್ಪತ್ತಕ್ಕೆ ಇಪ್ಪತ್ತು ಹಾಳೆಯೂ ಎದ್ದು ಬಂತು. ಇಂಜಿನಿಯರ್ ಫೋನಿನಲ್ಲಿ ಕೂಗಿದ್ದಕ್ಕೆ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ಏಪ್ರಿಲ್ 29

ಹಡಗು ದಡ ಮುಟ್ಟುವಾಗ ಹೊಸ ತಕರಾರು. ಗಾಜಮ್ಮನ ಹೆಸರು ಸೇರದೆ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದು ಪ್ರೊಫೆಸರ್ ಪಟ್ಟು ಹಿಡಿದರು. ಡೈರೆಕ್ಟರ್ ತಲೆ ಚಚ್ಚಿಕೊಂಡರು. "ಒಂದು ಸರ್ಟಿಫಿಕೇಟ್ ಕೊಡೋಣ ಕಣ್ರೀ. ಪೇಟೆಂಟಲ್ಲಿ ಹೆಸರು ಸೇರಿಸ್ಬೇಕಾದ್ರೆ ಹೊಸ ಅರ್ಜಿ, ವಕೀಲರು... ಕಂಪನಿಯವ್ರು ಕಾಯ್ತಾರಾ?"

ಕಾಯುತ್ತಾರೋ ಇಲ್ಲವೋ ಕೇಳುವುದು ನನ್ನ ಕೆಲಸ. ಯಜಮಾನರಿಗೆ ಫೋನ್ ಮಾಡಿದೆ. ಕ್ಯಾಲೆಂಡರಿನ ಕಥೆ ಪೂರ್ತಿ ಹೇಳಿದೆ. ಆ ಕಡೆ ಮತ್ತೆ ಮುಂಗೈ ನೋಡಿಕೊಳ್ಳುತ್ತಿದ್ದಾರೇನೋ ಅನ್ನಿಸಿತು.

"ಆ ಕ್ಯಾಲೆಂಡರ್ ಎಲ್ಲಿದೆ ಈಗ?"

"ನನ್ನ ಕಪಾಟಲ್ಲಿ, ಬೀಗ ಹಾಕಿದೀನಿ."

"ಭದ್ರವಾಗಿಡಿ. ಕಾಯ್ತೀವಿ ಮೇಡಂ. ಆಕೆ ಹೆಸರು ಬರ್ಲಿ."

ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ಹತ್ತು ವರ್ಷದ ದಲ್ಲಾಳಿತನದಲ್ಲಿ ಮೊದಲ ಸಲ.

ಜುಲೈ 8

ಹೊಸ ಅರ್ಜಿ ಹೋಯಿತು. ಸಂಶೋಧಕರು ಎಂಬ ಜಾಗದಲ್ಲಿ ಎರಡು ಹೆಸರು. ಗಾಜಮ್ಮ ಸಹಿ ಹಾಕುವ ಮೊದಲು ಪೆನ್ನನ್ನು ಬಟ್ಟೆಯಲ್ಲಿ ಒರೆಸಿದರು. ತಮ್ಮ ಪೂರ್ತಿ ಹೆಸರು ಬರೆದರು. ಇಷ್ಟು ವರ್ಷ ನನಗದು ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು.

ಸೆಪ್ಟೆಂಬರ್ 11, ಸಂಜೆ 5

ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಹಾಳೆಯ ಟ್ರಯಲ್. ನಾನು ಈ ಕೆಲಸದಲ್ಲಿದ್ದೇನೆಂದು ಮೊದಲೇ ಬರೆದುಕೊಟ್ಟಿದ್ದೆ. ಡಾಕ್ಟರು ಪರೀಕ್ಷಿಸಿಯೇ ಮಾವನನ್ನು ಸೇರಿಸಿಕೊಂಡಿದ್ದಾರೆ. ಎರಡು ದಿನದ ಹಿಂದೆ ಹಾಕಿದ ಹಾಳೆ ಇವತ್ತು ತೆಗೆಯಬೇಕು.

ಮಾವ ಮಂಚದ ಮೇಲೆ ಕೂತು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು. ಕಣ್ಣು ಮುಚ್ಚಿದರು. ಬೈಗುಳ ಬಾಯಲ್ಲಿ ಸಿದ್ಧವಿತ್ತು. ನರ್ಸ್ ಬಗ್ಗಿದಳು. ಎದ್ದಳು.

"ಶುರು ಮಾಡಮ್ಮಾ, ಎಷ್ಟು ಹೊತ್ತು ಕಾಯಿಸ್ತೀಯಾ?" ಅಂದರು ಮಾವ.

"ಆಗೋಯ್ತು ತಾತಾ."

ಕಣ್ಣು ಬಿಟ್ಟರು. ಅವಳ ಕೈಯಲ್ಲಿದ್ದ ಹಾಳೆ ನೋಡಿದರು, ತಮ್ಮ ಕಾಲು ನೋಡಿದರು. ರಕ್ತವಿಲ್ಲ. ನನ್ನ ಮಣಿಕಟ್ಟು ಮಾತ್ರ ಬಿಡಲಿಲ್ಲ. "ಯಾರಮ್ಮಾ ಮಾಡಿದ್ದು ಇದನ್ನ?" ಅಂದರು. ಎರಡೂ ಹೆಸರು ಹೇಳಿದೆ. ಪೂರ್ತಿ ಹೆಸರು. "ಆಯಮ್ಮಂಗೆ ಒಂದು ಫೋನ್ ಹಾಕು. ನಾನೇ ಮಾತಾಡ್ಬೇಕು" ಅಂದರು.

ಹಾಕಿದ್ದೇನೆ. ಫೋನು ಮಾವನ ಕಿವಿಯಲ್ಲಿದೆ, ನಾನು ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ರಿಂಗಾಗುತ್ತಿದೆ. ಗಾಜಮ್ಮ ಇನ್ನೂ ಎತ್ತಿಲ್ಲ. ಕೈ ಸೋಪಿನಲ್ಲಿರಬೇಕು. ಮಾವ ಗಂಟಲು ಸರಿಮಾಡಿಕೊಂಡರು, ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಕಡೆ ಎತ್ತಿದರು —