ಸೇತುವೆಯಿಂದ ಇಳಿಸುವ ಬಲೆ

ಅಪ್ಪ,

ಈಗ ಮಧ್ಯಾಹ್ನ ಒಂದು ಗಂಟೆ. ಎರಡಕ್ಕೆ ನನ್ನ ಪಾಳಿ. ಊಟಕ್ಕೆ ಕೂತವಳು ಎರಡು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದೆ.

ನೀನು ತೀರಿಕೊಂಡ ಮೇಲೆ ಮೂಲೆಯಲ್ಲೇ ಬಿದ್ದಿದ್ದ ಬಲೆಯನ್ನು, ಅದೇ ಕಬ್ಬಿಣದ ಬಳೆಗೆ ಹೊಲಿದದ್ದು, ಯಾರಿಗಾದರೂ ಕೊಟ್ಟುಬಿಡೋಣ ಅಂತ ಬೆಳಿಗ್ಗೆ ಸೇತುವೆಗೆ ಹೋದೆ. ಮೊದಲು ನೀನು ಗಾಳ ಹಾಕಿದರೆ ಬಲೆ ಇಳಿಸುತ್ತಿದ್ದವಳು ನಾನೇ; ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಹೋಗುವಷ್ಟರಲ್ಲಿ ನಿನ್ನ ಗೆಳೆಯ ಮೆಕ್ಯಾನಿಕ್‌ನ ಗಾಳಕ್ಕೆ ದೊಡ್ಡ ಮೀನು ಬಿದ್ದಿತ್ತು. ಅಷ್ಟು ಎತ್ತರಕ್ಕೆ ದಾರದಲ್ಲೇ ಎಳೆದರೆ ತುಂಡಾಗುತ್ತದೆ.

"ನೋಡ್ತಾ ನಿಂತ್ರೆ ಹೇಗಕ್ಕ? ಬಲೆ ಬಿಡಿ!" ಎಂದು ಕೂಗಿದ.

ಹಗ್ಗ ಸಡಿಲಿಸಿ ಬಲೆಯನ್ನು ನೀರಿಗಿಳಿಸಿದೆ. "ಎಳೀಬೇಡ, ಮೀನನ್ನ ಬಲೆ ಮೇಲಕ್ಕೆ ನಡೆಸ್ಕೊಂಡು ಬಾ" ಎಂದು ಗದರಿದೆ.

"ಅಯ್ಯೋ, ಯಜಮಾನರೇ ಬಂದ್ರಲ್ಲಪ್ಪ!" ಎಂದು ನಕ್ಕ, ನಿನ್ನ ಗದರಿಕೆಯೇ ಕೇಳಿದ ಹಾಗೆ. ಮೀನು ಬಲೆಯೊಳಗೆ ಬಂತು, ಎತ್ತಿದೆ. ಅಂಗೈ ಇನ್ನೂ ಉರಿಯುತ್ತಿದೆ.

"ಬಲೆ ನೀನೇ ಇಟ್ಟುಕೋ" ಅಂದರೆ ಅವನು ಮುಟ್ಟಲಿಲ್ಲ.

"ಬಲೆ ನಾನು ಹಿಡೀತೀನಿ ಅಂದ್ರೂ ಯಜಮಾನರು ಕೊಡ್ತಿರಲಿಲ್ಲ ಅಕ್ಕ. ದೊಡ್ಡದು ಸಿಕ್ಕಿದ್ರೆ ದಾರ ಕತ್ತರಿಸಿ ಬಿಡ್ತಿದ್ರು. ಬಲೆ ಹಿಡಿಯೋಳು ಬರ್ಲಿ, ಆಮೇಲೆ ನೋಡೋಣ, ಅಂತಿದ್ರು."

ಮನೆಯಲ್ಲಿ ಮಾತ್ರ ನೀನು, "ಈಗೆಲ್ಲ ಬರೀ ಸಣ್ಣ ಮೀನೇ ಕಣಮ್ಮ" ಅನ್ನುತ್ತಿದ್ದೆ. ನಾನು ತಲೆ ಎತ್ತದೆ, "ಇಬ್ಬರಿಗೆ ಸಾಕು ಬಿಡಪ್ಪ" ಅನ್ನುತ್ತಿದ್ದೆ.

ಬಲೆ ವಾಪಸ್ ತಂದೆ. ತೊಳೆದು ಬಾಲ್ಕನಿಯಲ್ಲಿ ನೇತುಹಾಕಿದ್ದೇನೆ, ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಹಗ್ಗ ಒಂದು ಕಡೆ ಸವೆದಿತ್ತು, ಅಲ್ಲಿಗೆ ಗಂಟು ಹಾಕಿದೆ.

ನಾಳೆಯೂ ನನ್ನದು ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಕೆಲಸವಿಲ್ಲ.