ಹಡಗಿನ ಓಣಿಯಲ್ಲಿ ಬಿಟ್ಟ ಚಪ್ಪಲಿ

ಕಮರಿಪೇಟೆ, ಹುಬ್ಬಳ್ಳಿ
ಮಂಗಳವಾರ ಮುಂಜಾನೆ

ದಾಕ್ಷಾಯಿಣಿ, ನಿನಗೆ ರೆಹಮತ್‌ಬಿಯ ಸಲಾಮು, ಜೊತೆಗೆ ನಿಮ್ಮ ಮನೆಯ ಪದ್ಧತಿಯಂತೆ ಶರಣು.

ಫೋನು ಕೈಯಲ್ಲೇ ಇರುವಾಗ ಇವಳಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಅಂತ ನಗುತ್ತೀಯ. ನಗು. ಮೊನ್ನೆ ನೀನು ಫೋನು ಮಾಡಿ, ಮಗ ವಿಶಾಲ ನಮ್ಮಿಬ್ಬರಿಗೂ ಹಡಗಿನ ಪ್ರವಾಸದ ಟಿಕೆಟ್ ತೆಗೆಸಿದ್ದಾನೆ, ಬರುವ ತಿಂಗಳು ಹೊರಡಬೇಕು, ಹೋದ ಚಳಿಗಾಲದಲ್ಲಿ ನೀವು ಹೋಗಿ ಬಂದಿರಲ್ಲ, ಹೇಗಿತ್ತು, ಏನೇನು ಒಯ್ಯಬೇಕು ಅಂತ ಕೇಳಿದೆ. ನಾನು "ಭಾಳ ಛಲೋ ಇತ್ತು" ಅಂದು ಮಾತು ಮುಗಿಸಿದೆ. ಅದು ಅರ್ಧ ಸುಳ್ಳು. ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಒಂದೇ ಬೆಂಚಿನ ಮೇಲೆ ಕೂತ ದಿನದಿಂದ ನಿನಗೆ ನಾನು ಸುಳ್ಳು ಹೇಳಿದ್ದು ಕಡಿಮೆ. ಮೂವತ್ತೈದು ವರ್ಷ ಮಕ್ಕಳ ಪಾಟಿ ತಿದ್ದಿದ ಕೈ ಇದು, ತಪ್ಪನ್ನು ಹಾಗೇ ಬಿಟ್ಟರೆ ನಿದ್ದೆ ಬರುವುದಿಲ್ಲ. ಫೋನಿನಲ್ಲಾದರೆ ನಿಮ್ಮ ಯಜಮಾನರು ಮುರುಗೆಪ್ಪನವರು ನಿನ್ನ ಪಕ್ಕದಲ್ಲೇ ಕೂತಿರುತ್ತಾರೆ, ನೀನು ಹೂಂ ಹೂಂ ಅನ್ನುತ್ತೀಯೇ ಹೊರತು ಬಾಯಿ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೇಳಿದ್ದಕ್ಕೆ ಉತ್ತರ. ಮುಂಬಯಿ ಬಂದರಿನಲ್ಲಿ ದೊಡ್ಡ ಚೀಲಗಳನ್ನು ಬಾಗಿಲಲ್ಲೇ ತೆಗೆದುಕೊಳ್ಳುತ್ತಾರೆ, ಅವು ನಿನ್ನ ಕೋಣೆ ಸೇರುವುದು ಸಂಜೆಗೆ. ಗುಳಿಗೆ, ಕನ್ನಡಕ, ಆಧಾರ್ ಕಾರ್ಡು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ನಾನು ನಮ್ಮವರ ಬಿ.ಪಿ. ಗುಳಿಗೆಯನ್ನು ದೊಡ್ಡ ಚೀಲಕ್ಕೆ ಹಾಕಿ ಸಂಜೆಯವರೆಗೆ ದಾರಿ ಕಾದೆ. ಮನೆಯ ಅಡಿಗೆ ಒಳಗೆ ಬಿಡುವುದಿಲ್ಲ. ನನ್ನ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಎರಡನ್ನೂ ತೆಗೆದಿಟ್ಟರು. ವಾದ ಮಾಡಿದೆ, ಗೆಲ್ಲಲಿಲ್ಲ. ಇಸ್ತ್ರಿ ಪೆಟ್ಟಿಗೆಯೂ ಬೇಡ. ಮುರುಗೆಪ್ಪನವರ ಲಿಂಗಪೂಜೆಗೆ ವಿಭೂತಿ ಒಯ್ಯಿ, ಆದರೆ ಊದಿನಕಡ್ಡಿ, ಕರ್ಪೂರ ಹಚ್ಚುವಂತಿಲ್ಲ, ಬೆಂಕಿ ಅಂದರೆ ಹಡಗಿನವರು ಹೌಹಾರುತ್ತಾರೆ. ನಿಮ್ಮ ಊಟಕ್ಕೆ ತೊಂದರೆಯಿಲ್ಲ, ಸಸ್ಯಾಹಾರದ ಸಾಲು ಬೇರೆಯೇ ಇದೆ. ಹನ್ನೆರಡೂವರೆಗೇ ಹೋಗಿ ಕೂತುಬಿಡು, ಒಂದು ಗಂಟೆಯ ಮೇಲೆ ತಾಟು ಹಿಡಿದು ನಿಲ್ಲುವ ಜಾತ್ರೆ ನಿನ್ನಿಂದಾಗುವುದಿಲ್ಲ.

ಹೊಟ್ಟೆ ತೊಳಸುತ್ತದೆಯೇ ಅಂತ ಕೇಳಿದೆಯಲ್ಲ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಸಿಕ್ಕರೆ ತೂಗಾಟ ಕಡಿಮೆ. ನಮ್ಮದು ಎಂಟನೆಯ ಅಂತಸ್ತು, ಮೊದಲ ದಿನ ಸ್ವಲ್ಪ ತಲೆ ತಿರುಗಿತು. ಗುಳಿಗೆಯನ್ನು ಹತ್ತುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಬಚ್ಚಲಿನ ಹೊಸ್ತಿಲು ಗೇಣುದ್ದ ಎತ್ತರ ಇರುತ್ತದೆ, ಎಡವಬೇಡಿ. ದಂಡೆ ಮರೆಯಾದ ಕೂಡಲೇ ಫೋನಿನ ಸಿಗ್ನಲ್ ಹೋಗುತ್ತದೆ, ಒಳ್ಳೆಯದೇ ಆಯಿತು ಅಂದುಕೋ. ನಮಗೆ ನಮಾಜಿನ ದಿಕ್ಕಿನದೇ ಪೇಚಾಟ. ಮನೆಯಲ್ಲಿ ಕಪಾಟಿನ ಗೋಡೆ ಅಂದರೆ ಪಶ್ಚಿಮ, ಮುಗಿಯಿತು. ಅಲ್ಲಿ ಹಡಗು ಹೊರಳಿದಂತೆ ಗೋಡೆಯೂ ಹೊರಳುತ್ತದೆ. ಕೋಣೆಯ ಟೀವಿಯಲ್ಲಿ ಹಡಗಿನ ನಕಾಶೆ ತೋರಿಸುತ್ತಾರೆ, ಅದನ್ನು ನೋಡಿ ಚಾಪೆ ಹಾಸುತ್ತಿದ್ದೆವು.

ಇನ್ನು ಬಾಲ್ಕನಿಯ ವಿಷಯ. ವಿಶಾಲ ಬಾಲ್ಕನಿ ಇರುವ ಕೋಣೆ ತೆಗೆಸಿದ್ದರೆ ಬದಲಾಯಿಸಲು ಹೇಳು, ಕಿಟಕಿಯದು ಸಾಕು. ಯಾಕೆ ಅಂತ ನಿನಗೆ ಗೊತ್ತು, ದಾಕ್ಷಾ. ಗೊತ್ತಿಲ್ಲದವಳ ಹಾಗೆ ಓದಬೇಡ.

ಕಳೆದ ತಿಂಗಳು ಕೇಶ್ವಾಪುರದ ಮದುವೆಯಲ್ಲಿ ನಾನು ನಿಮ್ಮಿಬ್ಬರ ಪಕ್ಕದಲ್ಲೇ ಕೂತಿದ್ದೆ. ಮುರುಗೆಪ್ಪನವರು ಯಾವಾಗ ಬಂದ್ರಿ ಅಂತ ನನ್ನನ್ನು ಮೂರು ಸಲ ಕೇಳಿದರು. ಮೂರನೆಯ ಸಲ ನೀನು ಅವರ ಮಾತಿನ ಮೇಲೆ ಮಾತು ಹಾಕಿ ನಕ್ಕೆ. ಅವರ ಹತ್ತಿ ವ್ಯಾಪಾರದ ಹಳೆಯ ಗೆಳೆಯರು ಬಂದು ಮಾತಾಡಿಸಿದಾಗ ಮುರುಗೆಪ್ಪನವರು ಬಾಯಿ ತೆರೆಯುವ ಮೊದಲೇ ನೀನೇ ಉತ್ತರ ಕೊಟ್ಟೆ, ಬಂದವರ ಹೆಸರನ್ನು ನಿನ್ನ ಮಾತಿನಲ್ಲೇ ಸೇರಿಸಿ ಅವರ ಕಿವಿಗೆ ಹಾಕಿದೆ. ಬೇರೆ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಯಾಕೆಂದರೆ ಎರಡು ವರ್ಷದಿಂದ ನಾನು ಮಾಡುತ್ತಿರುವುದೂ ಅದನ್ನೇ.

ಹೌದು, ನಮ್ಮ ಮನೆಯವರು ಲಾಲಸಾಬರಿಗೂ ಅದೇ. ಒಂದು ಕಾಲಕ್ಕೆ ಮೋಟರ್ ವೈಂಡಿಂಗ್ ಅಂದರೆ ಲಾಲಸಾಬ ಅನ್ನುತ್ತಿದ್ದರು. ತಾಮ್ರದ ತಂತಿಯ ಸುತ್ತುಗಳನ್ನು ಮಾತಾಡುತ್ತಲೇ ಸುತ್ತಿ, ಒಂದು ಸುತ್ತೂ ತಪ್ಪದೆ ನಿಲ್ಲಿಸುತ್ತಿದ್ದ ಮನುಷ್ಯ. ಎರಡು ವರ್ಷದ ಹಿಂದೆ ಡಾಕ್ಟರು ಇದು ಮರೆವಿನ ಕಾಯಿಲೆ, ಇನ್ನು ಹೆಚ್ಚುತ್ತಾ ಹೋಗುತ್ತದೆ ಅಂದರು. ನಾನು ಆ ಫೈಲನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಚಳಿಗಾಲದ ರಗ್ಗುಗಳನ್ನು ಪೇರಿಸಿದೆ. ಓಣಿಯವರಿಗೆ, ನೆಂಟರಿಗೆ, ನಿನಗೆ, ಹೆತ್ತ ಮಗ ಅರಫಾತನಿಗೂ ಒಂದೇ ಮಾತು ಹೇಳಿದೆ, ಅವರ ಕಿವಿ ಸ್ವಲ್ಪ ಮಂದವಾಗಿದೆ ಅಂತ. ಕಿವಿ ಮಂದವಾದರೆ ಮರ್ಯಾದೆ ಹೋಗುವುದಿಲ್ಲ ನೋಡು. ನನಗೆ ನಾಚಿಕೆಯಾಗಿತ್ತು ದಾಕ್ಷಾ. ಅವರ ಬಗ್ಗೆ ಜನ ಅಯ್ಯೋ ಅನ್ನುವುದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ.

ಪ್ರವಾಸಕ್ಕೆ ಕಳಿಸಿದವನು ಅರಫಾತ. ಅಪ್ಪ ಮಂಕಾಗಿದ್ದಾರೆ, ಸಮುದ್ರದ ಗಾಳಿ ತಗುಲಿದರೆ ಸರಿಹೋಗುತ್ತಾರೆ ಅಂದುಕೊಂಡಿದ್ದ. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರಲು ನಾಲ್ಕು ದಿನ. ಹತ್ತುವ ಮೊದಲು ಆರೋಗ್ಯದ ಒಂದು ಅರ್ಜಿ ತುಂಬಿಸುತ್ತಾರೆ. ಏನಾದರೂ ಕಾಯಿಲೆ ಇದೆಯೇ ಅಂತ ಇದ್ದಲ್ಲಿ ನಾನು ಬಿ.ಪಿ., ಸಕ್ಕರೆ ಅಂತ ಬರೆದು ಪೆನ್ನು ಮುಚ್ಚಿದೆ.

ಎರಡನೆಯ ದಿನ ಮಧ್ಯಾಹ್ನದ ನಮಾಜು ಮುಗಿಸಿ ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅವರು ಕೋಣೆಯಲ್ಲಿರಲಿಲ್ಲ. ಹಡಗಿನಲ್ಲಿ ಕೋಣೆಗಳ ಓಣಿ ಹೇಗಿರುತ್ತದೆ ಅಂದರೆ, ಎರಡೂ ಕಡೆ ನೂರಾರು ಬಾಗಿಲು, ಎಲ್ಲಕ್ಕೂ ಒಂದೇ ಬಣ್ಣ, ಈ ತುದಿಯಿಂದ ಆ ತುದಿ ಕಾಣುವುದಿಲ್ಲ. ನಾನು ಆ ಓಣಿಯಲ್ಲಿ ಓಡಿದೆ. ಊಟದ ಹಾಲ್, ಈಜುಕೊಳ, ಅಂಗಡಿಗಳು, ಮೇಲಂತಸ್ತಿನ ಅಂಚಿನ ಕಟಕಟೆ, ಎಲ್ಲ ಕಡೆ ಒಬ್ಬಳೇ ಹುಡುಕಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದಲ್ಲ. ಪ್ರತಿ ಸಲ ಕಟಕಟೆಯ ಹತ್ತಿರ ಹೋದಾಗ ಕೆಳಗೆ ನೀರು ನೋಡಲು ಧೈರ್ಯ ಸಾಲುತ್ತಿರಲಿಲ್ಲ. ಹೀಗೆ ಒಂದು ಗಂಟೆ ಹೋಯಿತು. ಆಮೇಲೆ ಸ್ವಾಗತದ ಕೌಂಟರಿಗೆ ಹೋಗಿ ನಮ್ಮವರು ಕಾಣುತ್ತಿಲ್ಲ ಅಂದೆ. ಏನಾದರೂ ತೊಂದರೆ ಇದೆಯೇ ಅಂತ ಕೇಳಿದರು. ಆಗಲೂ ನನ್ನ ಬಾಯಲ್ಲಿ ಬಂದದ್ದು ಕಿವಿ ಸ್ವಲ್ಪ ಮಂದ ಅನ್ನುವ ಮಾತು. ಅವರು ನಕ್ಕರು. ಎಲ್ಲೋ ಹಾಡು ಕೇಳುತ್ತಾ ಕೂತಿರಬೇಕು, ಹಡಗಿನಲ್ಲಿ ಎಲ್ಲಿಗೆ ಹೋಗುತ್ತಾರೆ, ಬರುತ್ತಾರೆ ಬಿಡಿ ಅಂದರು. ಅವರದೇನೂ ತಪ್ಪಿಲ್ಲ. ಕಿವಿ ಕೇಳದ ಮನುಷ್ಯನನ್ನು ಯಾರೂ ಅವಸರದಲ್ಲಿ ಹುಡುಕುವುದಿಲ್ಲ.

ಮತ್ತೆ ಅರ್ಧ ಗಂಟೆ ಅಲೆದು ಕೋಣೆಗೆ ಬಂದರೆ ಕಾವೇರಿ ಹಾಸಿಗೆ ಸರಿ ಮಾಡುತ್ತಿದ್ದಳು. ನಮ್ಮ ಸಾಲಿನ ಕೋಣೆಗಳನ್ನು ನೋಡಿಕೊಳ್ಳುವವಳು, ಅಂಕೋಲೆಯ ಕಡೆಯವಳು, ನಲವತ್ತೈದರ ಹತ್ತಿರದ ಹೆಂಗಸು. ನನ್ನ ಮುಖ ನೋಡಿ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು. "ಅಕ್ಕಾ, ಖರೇ ಹೇಳಿ. ಅವರಿಗೆ ಮರೆವು ಅದೆ, ಅಲ್ದಾ?" ಅಂದಳು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ನನಗೆ ನೇರವಾಗಿ ಕೇಳಿರಲಿಲ್ಲ. ನಾನು ಹೌದು ಅಂದೆ. ಅಂದು, ಮಂಚದ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ.

ನಿನಗೆ ಹೇಗೆ ಗೊತ್ತಾಯಿತು ಅಂತ ಆಮೇಲೆ ಕೇಳಿದಾಗ ಅವಳು ಚಪ್ಪಲಿಯಿಂದ ಅಂದಳು. ನಾವು ಹುಬ್ಬಳ್ಳಿಯವರು, ಕೋಣೆ ಅಂದರೂ ಮನೆಯೇ. ಹೊಕ್ಕ ದಿನದಿಂದ ನನ್ನ ಚಪ್ಪಲಿಯನ್ನು ಬಾಗಿಲ ಹೊರಗೆ, ಓಣಿಯಲ್ಲೇ ಬಿಡುತ್ತಿದ್ದೆ. ಹಡಗಿನಲ್ಲಿ ಹಾಗೆ ಬಿಡಬಾರದಂತೆ. ಬೆಂಕಿಗಿಂಕಿ ಅಂತ ಜನ ಓಡಬೇಕಾದರೆ ಕಾಲಿಗೆ ಸಿಗುತ್ತದೆ. ಅವಳು ಎತ್ತಿ ಒಳಗಿಡುವುದು, ನಾನು ಮತ್ತೆ ಹೊರಗೆ ಬಿಡುವುದು ನಡೆದೇ ಇತ್ತು. ಚಪ್ಪಲಿ ಒಳಗಿದ್ದಾಗಲೆಲ್ಲ ನಮ್ಮವರು ಬಾಗಿಲು ತಪ್ಪಿ ಮುಂದೆ ಹೋಗುವುದನ್ನು ಅವಳು ನೋಡಿದ್ದಳು. ಎಲ್ಲರೂ ಬಾಗಿಲ ಮೇಲಿನ ನಂಬರು ನೋಡಿ ನಡೆದರೆ ಇವರೊಬ್ಬರು ನೆಲ ನೋಡಿಕೊಂಡು ನಡೆಯುತ್ತಿದ್ದರಂತೆ. ನಂಬರು ಅವರಿಗೆ ಎಂದೋ ಹೋಗಿತ್ತು, ನನ್ನ ಚಪ್ಪಲಿ ಮಾತ್ರ ಗುರುತಿಗೆ ಉಳಿದಿತ್ತು. ಜೊತೆಗೇ ಮಲಗಿ ಏಳುವ ನನಗೆ ಅದು ತಿಳಿಯಲಿಲ್ಲ. ಆ ದಿನ ಮುಂಜಾನೆ ಕಾವೇರಿ ಚಪ್ಪಲಿಯನ್ನು ಒಳಗಿಟ್ಟಿದ್ದಳು, ನಾನು ಹೊರಗೆ ಬಿಡುವುದನ್ನು ಮರೆತಿದ್ದೆ.

ಖರೇ ಮಾತು ಹೇಳಿದ ಹತ್ತೇ ನಿಮಿಷಕ್ಕೆ ಅವರು ಸಿಕ್ಕರು. ಕಾವೇರಿ ಕೋಣೆಯ ಫೋನಿನಿಂದಲೇ ಸುದ್ದಿ ಮುಟ್ಟಿಸಿದಳು, ಅಂತಸ್ತಿಗೆ ಇಬ್ಬರಂತೆ ಹಡಗಿನ ಜನ ಹೋದರು. ಆರನೆಯ ಅಂತಸ್ತಿನಲ್ಲಿ ಯಾರೋ ಈಜಿ ಬಂದವರು ಒದ್ದೆ ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಟ್ಟಿದ್ದರು. ನಮ್ಮವರು ಆ ಬಾಗಿಲ ಮುಂದೆ ಕೈಕಟ್ಟಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಹಾದುಹೋದವರು ಮಾತಾಡಿಸಿದರೆ, ಒಳಗೆ ಮನೆಯವರಿದ್ದಾರೆ ಅಂತ ನಗುತ್ತಾ ಹೇಳಿದ್ದರಂತೆ. ಅವರ ಪೈಜಾಮ ಒದ್ದೆಯಾಗಿತ್ತು. ಅಷ್ಟು ಸ್ವಚ್ಛ ಮನುಷ್ಯ, ಒಂದು ದಿನವೂ ಇಸ್ತ್ರಿಯಿಲ್ಲದ ಅಂಗಿ ತೊಟ್ಟವರಲ್ಲ. ನನ್ನನ್ನು ಕಂಡು ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ಅವರು ಹೇಳಿದ್ದನ್ನು ನಿನಗಾಗಿ ಕನ್ನಡ ಮಾಡುತ್ತೇನೆ: "ಎಷ್ಟೊತ್ತಾತು ನಿಂತು, ಬಾಗಲಾ ತಗೀವಲ್ಲಿ. ನನ್ನ ಮ್ಯಾಲ ಸಿಟ್ಟಾಗಿಯೇನು?"

ನಾನು ಸಿಟ್ಟಾಗಿಲ್ಲ ಅಂದೆ. ನನ್ನ ದುಪಟ್ಟಾವನ್ನು ಅವರ ಸೊಂಟಕ್ಕೆ ಸುತ್ತಿ ಮೇಲೆ ಕರೆತಂದೆ.

ಈಗ ಹೇಳುತ್ತೇನೆ ಕೇಳು, ಇದೊಂದು ಒಳ್ಳೆಯ ಉಪಾಯ. ಹಡಗಿನ ಬಾಗಿಲುಗಳು ಕಬ್ಬಿಣದವು, ಮ್ಯಾಗ್ನೆಟ್ ಹಿಡಿಯುತ್ತವೆ. ಕಾವೇರಿ ಎರಡು ಮ್ಯಾಗ್ನೆಟ್ ತಂದುಕೊಟ್ಟಳು. ನಾನು ಕಾಗದದ ಮೇಲೆ ನನ್ನ ಚಪ್ಪಲಿಯ ಚಿತ್ರ ಬರೆದು, ಬಣ್ಣ ತುಂಬಿ, ಅವರ ಕಣ್ಣಿಗೆ ಬೀಳುವಂತೆ ಬಾಗಿಲ ಕೆಳಗಡೆ ಅಂಟಿಸಿದೆ. ಮುಂದಿನ ಎರಡು ದಿನ ಅವರು ಒಂದು ಸಲವೂ ಬಾಗಿಲು ತಪ್ಪಲಿಲ್ಲ. ಚಿತ್ರದ ಮುಂದೆ ತಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಿದ್ದರು, ಕಾವೇರಿ ಅದನ್ನು ಎತ್ತಿ ಒಳಗಿಡುತ್ತಿದ್ದಳು. ಊಟ ಬಡಿಸುವವರಿಂದ ಹಿಡಿದು ಲಿಫ್ಟಿನ ಹತ್ತಿರ ನಿಲ್ಲುವವರವರೆಗೆ ಎಲ್ಲರಿಗೂ ಈಗ ಗೊತ್ತಿತ್ತು. ಯಾರೂ ಅಯ್ಯೋ ಅನ್ನಲಿಲ್ಲ. ಚಾಚಾ ಅಂತ ಕರೆದು ಕೈಹಿಡಿದು ತಂದು ಬಿಡುತ್ತಿದ್ದರು. ನಾನು ನೆಮ್ಮದಿಯಿಂದ ಸಮುದ್ರ ನೋಡಿದ್ದು ಆ ಎರಡೇ ದಿನ. ಅವರು ಕಟಕಟೆಯ ಮೇಲೆ ಅಂಗೈ ಇಟ್ಟು ಕೆಳಗಿನ ಇಂಜಿನ್ನಿನ ನಡುಕ ಹಿಡಿಯುತ್ತಾ, ಬೇರಿಂಗು ಛಲೋ ಇದೆ ಅಂತ ಮೆಚ್ಚಿಕೊಂಡರು. ಫೋನಿನಲ್ಲಿ ನಾನು ಹೇಳಿದ ಸುಳ್ಳಿನಲ್ಲಿ ಖರೇ ಇದ್ದ ಅರ್ಧ ಇದು. ಆದ್ದರಿಂದ ಹೋಗಬೇಡ ಅಂತ ನಾನು ಹೇಳುವುದಿಲ್ಲ. ಹೋಗು, ಅವರ ಮರೆವಿನ ಮಾತು ಹೇಳಿ ಹೋಗು.

ಇಷ್ಟು ಬರೆಯಲು ನನಗೆ ಮೊನ್ನೆಯವರೆಗೆ ಹಕ್ಕಿರಲಿಲ್ಲ. ಹಡಗಿನವರಿಗೆಲ್ಲ ಹೇಳಿದವಳು ಊರಿಗೆ ಬಂದು ಮತ್ತೆ ಬಾಯಿ ಮುಚ್ಚಿದ್ದೆ. ನಿನ್ನ ಫೋನು ಬಂದ ಮೇಲೆ ತಡೆಯಲಾಗಲಿಲ್ಲ, ಭಾನುವಾರ ಅರಫಾತನನ್ನು ಕೂರಿಸಿಕೊಂಡು ಫೈಲು ಅವನ ಕೈಗೆ ಕೊಟ್ಟೆ. ಅವನು ಸಿಟ್ಟಾಗುತ್ತಾನೆ, ಇಲ್ಲವೇ ಅಳುತ್ತಾನೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ, ಓದಿ ಮುಗಿಸಿ ಮತ್ತೆ ಮೊದಲ ಹಾಳೆಗೆ ತಿರುವಿದ. ಹೋದ ವರ್ಷ ನಮ್ಮ ವೈಂಡಿಂಗ್ ಅಂಗಡಿಯಲ್ಲಿ ಒಬ್ಬ ರೈತನ ಮೋಟರನ್ನು ಅವನ ಅಪ್ಪ ತಪ್ಪು ಸುತ್ತಿ ಸುಟ್ಟುಹಾಕಿದಾಗ ಇವನು ಗಿರಾಕಿಗಳ ಮುಂದೆಯೇ ರೇಗಿ, ಇನ್ನು ಅಂಗಡಿಯ ಕಡೆ ಬರಬೇಡಿ ಅಂದಿದ್ದ. ಅವರು ಅವತ್ತಿನಿಂದ ಹೋಗಿರಲಿಲ್ಲ.

"ಎರಡ ವರ್ಷ ಆತು ನಾ ಅಬ್ಬಾಗ ಬೈಯಾಕತ್ತು. ಲಕ್ಷ್ಯ ಇಲ್ಲ ನಿಮಗ ಅಂತ ಮಂದಿ ಮುಂದ ಬೈದೇನಿ. ಒಂದ ಮಾತು ನನಗ ಹೇಳಬಾರದಿತ್ತೇನು ಅಮ್ಮೀ?" ಅಂದ.

ಗಂಡನ ಮರ್ಯಾದೆ ಕಾಯುತ್ತೇನೆ ಅಂತ ಹೊರಟು, ಮಗನ ಕೈಯಲ್ಲಿ ದಿನವೂ ಅವರ ಮರ್ಯಾದೆ ತೆಗೆಸಿದವಳು ನಾನೇ. ನಿನ್ನೆ ಮುಂಜಾನೆ ಅವನು ಅಪ್ಪನಿಗೆ ತಾನೇ ಇಸ್ತ್ರಿ ಅಂಗಿ ತೊಡಿಸಿ ಬೈಕಿನ ಮೇಲೆ ಅಂಗಡಿಗೆ ಕರೆದುಕೊಂಡು ಹೋದ. ಇವತ್ತೂ ಹೋಗಿದ್ದಾರೆ. ಕೆಲಸ ಕೊಡುವುದಿಲ್ಲ, ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸುತ್ತಾನೆ. ಮನೆ ಖಾಲಿಯಿದೆ, ಅದಕ್ಕೇ ಇಷ್ಟುದ್ದ ಬರೆಯಲು ಆಯಿತು.

ದಾಕ್ಷಾ, ಆ ಮದುವೆಯ ಊಟವಾದ ಮೇಲೆ, ಕೈತೊಳೆಯುವ ಜಾಗದಲ್ಲಿ ವಿಶಾಲ ತನ್ನ ಅಪ್ಪನಿಗೆ "ಎಷ್ಟ ಸಲ ಹೇಳಬೇಕ್ರಿ ನಿಮಗ" ಅಂದದ್ದು ನನಗೆ ಕೇಳಿಸಿತು. ನಿನಗೂ ಕೇಳಿಸಿತು. ನೀನು ಸೆರಗು ಸರಿಮಾಡಿಕೊಂಡು ಆಚೆ ನೋಡಿದೆ. ಮುರುಗೆಪ್ಪನವರು ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿದರು. ವಿಶಾಲ ಕೆಟ್ಟ ಮಗನಲ್ಲ. ಅವನಿಗೆ ಗೊತ್ತಿಲ್ಲ, ಅಷ್ಟೇ. ಗೊತ್ತಾಗುವ ದಿನ ಬಂದೇ ಬರುತ್ತದೆ, ಆ ದಿನ ಅವನು ಅಂದ ಮಾತುಗಳೆಲ್ಲ ಅವನಿಗೇ ಒಂದೊಂದಾಗಿ ಕೇಳಿಸುತ್ತವೆ. ಅದಕ್ಕೆ ಇನ್ನಷ್ಟು ಮಾತು ಸೇರಿಸಬೇಡ. ಈ ಪತ್ರ ಓದಿ ಮಡಚಿಡುವ ಮೊದಲು ಅವನನ್ನು ಒಳಗೆ ಕರೆ.

ಸಮುದ್ರ ನಿಮ್ಮಿಬ್ಬರಿಗೂ ಶಾಂತವಾಗಿರಲಿ. ಅಲ್ಲಾಹ್ ನಿಮ್ಮನ್ನು ಕಾಯಲಿ, ನಿಮ್ಮ ಗುರುಗಳ ಕೈ ತಲೆಯ ಮೇಲಿರಲಿ. ಹೇಳುವಾಗ ಪಕ್ಕದಲ್ಲಿ ಯಾರಾದರೂ ಬೇಕು ಅನಿಸಿದರೆ ಒಂದು ಫೋನು ಮಾಡು, ಮುಂದಿನ ಬಸ್ಸಿಗೇ ಧಾರವಾಡಕ್ಕೆ, ಮಾಳಮಡ್ಡಿಯ ನಿಮ್ಮ ಮನೆಗೆ ಬರುತ್ತೇನೆ.

ನಿನ್ನವಳು,
ರೆಹಮತ್