ಮನೆಯಾಳು, ಮನೆಯವಳು

ಪ್ರೆಸ್ಸಿನಿಂದ, ಊಟದ ಬಿಡುವಿನಲ್ಲಿ
ಬುಧವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀ? ಸೋಪಿನ ನೀರಿಗೆ ಬಿರುಕು ಬಿಟ್ಟಿದ್ದ ಕೈ ವಾಸಿಯಾಯಿತೇ? ಸೊಂಟದ ನೋವು? ಎಲ್ಲದಕ್ಕೂ ‘ಚೆನ್ನಾಗಿದ್ದೇನೆ’ ಎಂದೇ ಬರೆಯುತ್ತೀ, ಗೊತ್ತು. ಆದರೂ ಕೇಳದೆ ಇರಲಾಗದು. ಅಮ್ಮ ಆರಾಮಾಗಿದ್ದಾಳೆ, ಮೆಟ್ಟಿಲು ಹತ್ತುವಾಗ ಮಾತ್ರ ಮಂಡಿಯನ್ನು ಬೈಯುತ್ತಾಳೆ. ತಂಗಿ, ನಮ್ಮ ಚಿಕ್ಕವಳು, ನಿನ್ನ ಹಳೇ ನೀಲಿ ಸ್ವೆಟರನ್ನು ಹುಟ್ಟಿದಾಗಿನಿಂದ ತನ್ನದೇ ಎನ್ನುವ ಹಾಗೆ ಹಾಕಿಕೊಂಡು ತಿರುಗುತ್ತಾಳೆ. ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ನೀನು ಕೆಲಸಕ್ಕಿರುವ ಮನೆಯ ಡ್ರೈವರಣ್ಣ ನಮ್ಮ ಭಾಷೆಯವನೆಂದೂ, ನಮ್ಮ ಪತ್ರಗಳನ್ನೂ ನಿನ್ನವನ್ನೂ ಮೇಡಂಗೆ ಓದಿ ಅರ್ಥ ಹೇಳುತ್ತಾನೆಂದೂ ನೀನೇ ತಮಾಷೆಯಾಗಿ ಬರೆದಿದ್ದೆಯಲ್ಲ. ಪಕ್ಕದ ಬೀದಿಯ ನರ್ಸಮ್ಮನ ತಂಗಿಗೆ ನೀನಿರುವ ಪರದೇಶದ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಮೇಡಂನ ಮಗುವಿಗೆ ಚುಚ್ಚುಮದ್ದು ಹಾಕಿಸಲು ನೀನು ಯಾವತ್ತಾದರೂ ಅಲ್ಲಿಗೆ ಹೋದರೆ ಇದು ನಿನ್ನ ಕೈ ಸೇರಬಹುದು. ಓದಿ ಹರಿದು ಹಾಕು.

ಈಗ ನಾನು ನೋಡುತ್ತಿರುವ ಪ್ರೂಫು ಒಬ್ಬರು ನಿವೃತ್ತ ಇತಿಹಾಸದ ಮೇಷ್ಟ್ರದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಸಮಾಜಗಳಲ್ಲಿ ಗುಲಾಮಗಿರಿ ಹೇಗಿತ್ತು ಎಂದು ಹೋಲಿಸುವ ದಪ್ಪ ಪುಸ್ತಕ. ‘ಎಲ್ಲಾ ಕಡೆ ಒಂದೇ ಥರ ಇತ್ತು ಅನ್ನೋರು ಸೋಮಾರಿಗಳು ಕಣಮ್ಮ, ಕೂತು ಹೋಲಿಸಬೇಕು’ ಎನ್ನುತ್ತಾರೆ. ನಾನು ಎಂದಿನಂತೆ ತಲೆಯಾಡಿಸುತ್ತೇನೆ. ಅಥೆನ್ಸಿನಲ್ಲಿ ಹೊಸದಾಗಿ ಕೊಂಡು ತಂದ ಗುಲಾಮನನ್ನು ಒಲೆಯ ಪಕ್ಕ ಕೂರಿಸಿ, ಮದುವಣಗಿತ್ತಿಗೆ ಮಾಡುವ ಹಾಗೆಯೇ ತಲೆಯ ಮೇಲೆ ಒಣಹಣ್ಣು, ಬೀಜಗಳನ್ನು ಸುರಿಯುತ್ತಿದ್ದರಂತೆ. ರೋಮಿನವರು ಕುಟುಂಬಕ್ಕೆ ಬಳಸುತ್ತಿದ್ದ ಪದದೊಳಗೆ ಗುಲಾಮರೂ ಸೇರುತ್ತಿದ್ದರು. ತುರ್ಕಿಯ ಸುಲ್ತಾನನ ಗುಲಾಮ ಮಂತ್ರಿಯಾಗಿ ಸೈನ್ಯ ನಡೆಸಬಹುದಿತ್ತು, ತಲೆ ಮಾತ್ರ ಸುಲ್ತಾನನದು. ಅಮೆರಿಕದ ಹತ್ತಿ ತೋಟಗಳಲ್ಲಿ ತಾಯಿ ಗುಲಾಮಳಾದರೆ ಮಗು ಹುಟ್ಟುತ್ತಲೇ ಗುಲಾಮ. ಎಷ್ಟೋ ಕಡೆ ಅವರಿಗೆ ಅಕ್ಷರ ಕಲಿಸಿದವರಿಗೆ ಶಿಕ್ಷೆ. ಇದನ್ನೆಲ್ಲ ಓದುವಾಗ ನಿನ್ನ ಮೊದಲ ಪತ್ರ ನೆನಪಾಗುತ್ತಿತ್ತು. ಹೋದ ದಿನವೇ ಬಾಯಿಗೆ ಸಿಹಿ ಹಾಕಿದರು, ಹೊಸ ಬಟ್ಟೆ ಕೊಟ್ಟರು, ನಿನ್ನ ಹೆಸರು ಅವರ ನಾಲಿಗೆಗೆ ಹೊರಳದೆಂದು ಪುಟ್ಟದೊಂದು ಹೆಸರಿಟ್ಟರು ಎಂದು ಬರೆದಿದ್ದೆ. ಅಮ್ಮ ಆ ಸಾಲನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಪುಸ್ತಕದ ಕೊನೆಯಲ್ಲಿ ಮೇಷ್ಟ್ರು ಒಂದು ಕೋಷ್ಟಕ ಮಾಡಿದ್ದಾರೆ. ಸಾಲಿಗೊಂದು ಸಮಾಜ. ಮೇಲೆ ಅಡ್ಡಕ್ಕೆ ಪ್ರಶ್ನೆಗಳು: ಮಾರಬಹುದೇ, ಮದುವೆಯಾಗಬಹುದೇ, ಬಿಟ್ಟು ಹೋಗಬಹುದೇ, ಹೆಸರು ಇಟ್ಟವರು ಯಾರು. ಕಳೆದ ವಾರ ನನಗೇನಾಯಿತೋ, ಕೆಳಗೆ ಖಾಲಿಯಿದ್ದ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಸಾಲು ತುಂಬಿದೆ. ಮಾರಬಹುದೇ: ಇಲ್ಲ. ಮದುವೆ: ನಾಲ್ಕು ವರ್ಷದಿಂದ ಆ ಮಾತೇ ಇಲ್ಲ. ಬಿಟ್ಟು ಹೋಗಬಹುದೇ: ಎರಡು ವರ್ಷ ಎಂದಿದ್ದರು, ಪಾಸ್‌ಪೋರ್ಟು ಅವರ ಬೀರುವಿನಲ್ಲಿದೆ. ಹೆಸರು: ಅವರು ಇಟ್ಟದ್ದು. ರಬ್ಬರಿನಿಂದ ಉಜ್ಜಿದೆನಾದರೂ ಗುರುತು ಉಳಿದಿತ್ತು. ಮೇಷ್ಟ್ರು ಕನ್ನಡಕ ಮೇಲೆತ್ತಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಇದ್ಯಾವ ದೇಶದ್ದಮ್ಮ?’ ಎಂದರು. ‘ಕೈತಪ್ಪಿ ಬರೆದೆ ಸಾರ್’ ಎಂದೆ. ಹೇಳಬೇಕಾದಾಗ ತೆರೆಯದ ನನ್ನ ಬಾಯಿ ನಿನಗೆ ಗೊತ್ತಲ್ಲ.

ಇವತ್ತಿನ ವಿಷಯ ಬೇರೆ. ಮೇಷ್ಟ್ರು ಪುಸ್ತಕದ ತುಂಬ ‘ಮನೆ ಆಳು’ ಎಂದು ಬಿಡಿಸಿ ಬರೆದಿದ್ದಾರೆ, ಅದನ್ನು ಎಲ್ಲ ಕಡೆ ‘ಮನೆಯಾಳು’ ಎಂದು ಕೂಡಿಸಬೇಕಿತ್ತು. ಟೈಪು ಮಾಡುವ ಆಂಟಿ ಪಕ್ಕದ ಕುರ್ಚಿಯಿಂದ ‘ರಾಜ್ಯ ಆಳೋದೂ ಆಳು, ಕಸ ಹೊಡೆಯೋನೂ ಆಳು! ನಮ್ಮ ಭಾಷೇಲಿ ಮೇಲು ಕೀಳು ಇಲ್ಲ ನೋಡಮ್ಮ’ ಎಂದು ನಗಿಸುತ್ತಿದ್ದರು. ನಾನೂ ನಗುತ್ತಾ ಒಂದರ ಕೆಳಗೊಂದು ತಿದ್ದುತ್ತಾ ಹೋದೆ. ಮನೆಯಾಳು, ಮನೆಯಾಳು, ಮನೆಯಾಳು. ಮೂವತ್ತನೆಯದೋ ನಲವತ್ತನೆಯದೋ ಇರಬೇಕು, ಕೈ ಅಲ್ಲೇ ನಿಂತಿತು. ಆ ಪದವನ್ನು ನಿನ್ನ ಅಕ್ಷರದಲ್ಲಿ ನಾನು ನೋಡಿದ್ದೆ.

ಚೀಲದಲ್ಲಿದ್ದ ನಿನ್ನ ಹೋದ ತಿಂಗಳ ಪತ್ರವನ್ನು ತೆಗೆದೆ. ‘ಇವರಿಗೆ ನಾನು ಮನೆಯಾಳೇ ಆಗಿಬಿಟ್ಟಿದ್ದೇನೆ’ ಎಂದು ಬರೆದಿದ್ದೀ. ಯಕಾರಕ್ಕೆ ದೀರ್ಘ, ಗುಂಡಗೆ, ಸ್ಪಷ್ಟವಾಗಿ. ಅದರ ಮೇಲೆ ಕೆಂಪು ಶಾಯಿಯಲ್ಲಿ ನನ್ನದೇ ತಿದ್ದುಪಡಿ: ಮನೆಯವಳೇ. ಪ್ರೆಸ್ಸಿನ ಚಟ, ಕೈಗೆ ಪೆನ್ನು ಸಿಕ್ಕರೆ ಅಂಗಡಿ ಚೀಟಿಯನ್ನೂ ತಿದ್ದುವವಳು ನಾನು. ಪಾಪ, ಅಕ್ಕನಿಗೆ ಬರೆಯುವ ರೂಢಿ ತಪ್ಪಿ ವಕಾರ ಬಿಟ್ಟು ದೀರ್ಘ ಎಳೆದಿದ್ದಾಳೆ ಎಂದುಕೊಂಡು ತಿದ್ದಿ, ತಿದ್ದಿದ್ದನ್ನೇ ಅಮ್ಮನಿಗೆ ಓದಿ ಹೇಳಿದ್ದೆ. ‘ಮನೆಯವಳೇ ಆಗಿಬಿಟ್ಟಿದ್ದಾಳಂತೆ ನನ್ನ ಮಗಳು’ ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡ್ರೈವರಣ್ಣನೂ ನನ್ನ ಹಾಗೆಯೇ ಸರಿಮಾಡಿಕೊಂಡು ಓದಿರಬೇಕು, ಅದಕ್ಕೇ ಪತ್ರ ಆಚೆ ಬಂತು. ಅವನು ತಪ್ಪಿ ಓದುತ್ತಾನೆ, ತಂಗಿ ಸರಿಯಾಗಿ ಓದುತ್ತಾಳೆ ಎಂದು ನೀನು ನಂಬಿದ್ದೆ. ನನಗೆ ಕಾಗುಣಿತ ಕಲಿಸಿದವಳು ನೀನು. ದೀರ್ಘ ತಪ್ಪಿದರೆ ಅಡಿಪಟ್ಟಿಯಲ್ಲಿ ಬೆರಳ ಗೆಣ್ಣಿಗೆ ಹೊಡೆದು ‘ಕಣ್ಣು ಎಲ್ಲಿಟ್ಟಿದ್ದೀಯೇ ಕೋತಿ?’ ಎನ್ನುತ್ತಿದ್ದವಳು ನೀನು. ನಿನಗೆ ದೀರ್ಘ ತಪ್ಪುತ್ತದೆ ಎಂದು ಹೇಗೆ ಅಂದುಕೊಂಡೆನೋ!

ನಿಮ್ಮ ಮೇಡಂನ ನಾದಿನಿಯ ಮನೆಗೂ ಒಬ್ಬಳು ಬೇಕೆಂದು ಏಜೆಂಟು ಬಂದು ಹೋಗಿದ್ದು, ಅಮ್ಮ ಚಿಕ್ಕವಳನ್ನು ಕಳಿಸಲು ಒಪ್ಪಿದ್ದು ನಿನಗೆ ತಿಳಿದಿರಬಹುದು. ಅಮ್ಮ ಒಪ್ಪಿದ್ದು ಆ ಒಂದು ಪದ ಕೇಳಿ. ಹೊರಡುವುದು ಭಾನುವಾರ. ಇವತ್ತು ಸಂಜೆ ಮನೆಗೆ ಹೋದ ಕೂಡಲೇ ಪತ್ರವನ್ನು ಅಮ್ಮನ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ. ಅಮ್ಮ ಅಳಲಿ, ನನ್ನನ್ನು ಬೈಯಲಿ. ನಾಲ್ಕು ದಿನ ಇದೆ.

ಕೈಗೆ ಎಣ್ಣೆ ಹಚ್ಚಿಕೋ. ಮೈ ನೋಡಿಕೋ.

ನಿನ್ನ
ಕೋತಿ

ಮರೆತದ್ದಲ್ಲ, ಮನೆಗೆ ಬಂದ ಮೇಲೆ ಬರೆಯುತ್ತಿದ್ದೇನೆ: ಭಾನುವಾರದ ಟಿಕೆಟ್ಟು ಇವತ್ತಿಗೇ ಬದಲಾಯಿತಂತೆ. ಏಜೆಂಟು ಹನ್ನೊಂದು ಗಂಟೆಗೆ ಕಾರು ತಂದು ಚಿಕ್ಕವಳನ್ನು ಕರೆದುಕೊಂಡು ಹೋಗಿದ್ದಾನೆ. ನಾನು ನಗುತ್ತಾ ತಿದ್ದುತ್ತಿದ್ದ ಹೊತ್ತು ಅದು. ಅವನ ಫೋನು ಎತ್ತುತ್ತಿಲ್ಲ. ನೀಲಿ ಸ್ವೆಟರು ಹಾಕಿಕೊಂಡೇ ಹೋದಳಂತೆ. ‘ಅಕ್ಕನ ಹಾಗೇ ಇವಳೂ ಮನೆಯವಳಾಗಿ ಇರ್ತಾಳೆ ಬಿಡು, ನೀನ್ಯಾಕೆ ಹೀಗೆ ನಿಂತಿದ್ದೀ?’ ಎಂದು ಅಮ್ಮ ಕೇಳಿದಳು. ಕೈಯಲ್ಲಿದ್ದ ನಿನ್ನ ಪತ್ರವನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿದೆ ಅಕ್ಕಾ. ನರ್ಸಮ್ಮನ ತಂಗಿ ಹೊರಡುವುದು ಮುಂದಿನ ತಿಂಗಳು. ಅಷ್ಟರೊಳಗೆ ಚಿಕ್ಕವಳಿಗೂ ಪುಟ್ಟದೊಂದು ಹೆಸರು ಇಟ್ಟಿರುತ್ತಾರೆ.